ಉದ್ದ ಲೋಟದ ಮೂರನೇ ಪ್ರಶ್ನೆ

ನಾನು ಆ ಊರಿಗೆ ಹೋದದ್ದು ಮೂವತ್ತು ಮಕ್ಕಳಿಗೆ ನೀರು ತೋರಿಸಿ ಮೂರು ಪ್ರಶ್ನೆ ಕೇಳುವುದಕ್ಕೆ. ಇಷ್ಟು ಸಣ್ಣ ಕೆಲಸಕ್ಕೆ ಅಷ್ಟು ದೂರ ಹೋಗಬೇಕೇ ಎಂದು ನಮ್ಮಮ್ಮ ಕೇಳಿದ್ದಳು. ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಚಿನ್ನದ ಪದಕ ಕೊರಳಿಗೆ ಹಾಕಿಸಿಕೊಂಡು, ಪಿಎಚ್.ಡಿ.ಗೆ ಸೇರಿ ಎಂಟು ತಿಂಗಳಾಗಿದ್ದ ನನಗೆ ಅದು ಸಣ್ಣ ಕೆಲಸ ಅನ್ನಿಸಿರಲಿಲ್ಲ. ನಮ್ಮ ಗೈಡ್ ಇಂದೂಧರ ಸರ್ ಮೊದಲ ದಿನವೇ ಹೇಳಿದ್ದರು: "ನೋಡು ಕುಮುದಿನಿ, ಮೊದಲನೇ ವರ್ಷದಲ್ಲಿ ಯಾರೂ ಹೊಸದೇನನ್ನೂ ಕಂಡುಹಿಡಿಯಬಾರದು. ಬೇರೆಯವರು ಮಾಡಿ ಮುಗಿಸಿದ್ದನ್ನೇ ಇನ್ನೊಂದು ಊರಲ್ಲಿ ಅಚ್ಚುಕಟ್ಟಾಗಿ ಮಾಡಿಕೊಂಡು ಬರಬೇಕು. ಕಂಡುಹಿಡಿಯೋದೆಲ್ಲ ಕೆಲಸ ಸಿಕ್ಕ ಮೇಲೆ." ನನಗೆ ಈ ಮಾತು ತುಂಬಾ ಹಿಡಿಸಿತ್ತು. ಹೊಸದನ್ನು ಕಂಡುಹಿಡಿಯುವ ಭಯದಿಂದ ನನ್ನನ್ನು ಪಾರು ಮಾಡಿದ್ದರು.

ಪರೀಕ್ಷೆ ಬಹಳ ಹಳೆಯದು, ಎಲ್ಲ ಪಠ್ಯಪುಸ್ತಕದಲ್ಲೂ ಇರುವಂಥದ್ದು. ಎರಡು ಒಂದೇ ಥರದ ಲೋಟ, ಎರಡಕ್ಕೂ ಸಮನಾಗಿ ನೀರು. "ಎರಡರಲ್ಲೂ ನೀರು ಒಂದೇ ಇದೆಯಾ?" ಎಂದು ಕೇಳಬೇಕು. ಮಗು ಹೌದು ಅನ್ನುತ್ತದೆ. ಆಮೇಲೆ ಅದರ ಕಣ್ಣೆದುರಿಗೇ ಒಂದು ಲೋಟದ ನೀರನ್ನು ತೆಳ್ಳಗಿನ ಉದ್ದ ಲೋಟಕ್ಕೆ ಸುರಿದು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕು. ಐದಾರು ವರ್ಷದ ಮಗುವಾದರೆ ಉದ್ದ ಲೋಟದಲ್ಲಿ ಜಾಸ್ತಿ ಇದೆ ಅನ್ನುತ್ತದೆ. ಏಳು ದಾಟಿದ್ದಾದರೆ ಎರಡೂ ಒಂದೇ ಎಂದು ಹೇಳಿ ನಮ್ಮ ಮುಖವನ್ನೇ ಅನುಮಾನದಿಂದ ನೋಡುತ್ತದೆ. ಮೂರನೇ ಪ್ರಶ್ನೆ ಒಂದೇ ಪದ, "ಯಾಕೆ?" ಉತ್ತರವನ್ನು ಫಾರಮ್ಮಿನಲ್ಲಿ ಬರೆದುಕೊಂಡು ಪಕ್ಕದ ಚೌಕದಲ್ಲಿ ಅಂಕಿ ಹಾಕಬೇಕು. ತಿಳಿವಳಿಕೆ ಬಂದಿದ್ದರೆ ಎರಡು, ಬರುತ್ತಾ ಇದ್ದರೆ ಒಂದು, ಬಂದಿಲ್ಲದಿದ್ದರೆ ಸೊನ್ನೆ. ವಾರಕ್ಕೊಮ್ಮೆಯಂತೆ ಮೂರು ವಾರ ಇದನ್ನೇ ಮಾಡಬೇಕು. ಇಷ್ಟು ಮಾಡಿಕೊಂಡು ಹೋದರೆ ತಿಂಗಳ ಕೊನೆಗೆ ಕಮಿಟಿಯ ಮುಂದೆ ನನ್ನ ನೋಂದಣಿ ಗಟ್ಟಿಯಾಗುತ್ತಿತ್ತು.

ಬಸ್ಸಿನ ಕಂಡಕ್ಟರು ಟಿಕೆಟ್ಟಿನಲ್ಲಿ ಊರಿನ ಹೆಸರು ಬರೆಯುವ ಜಾಗ ಖಾಲಿ ಬಿಟ್ಟು ಕೊಟ್ಟ. ಇಳಿದವಳಿಗೆ ಉಳಿದುಕೊಳ್ಳಲು ಸಿಕ್ಕಿದ್ದು ನೀಲಗಂಗವ್ವನ ಖಾನಾವಳಿಯ ಹಿಂದಿನ ಕೋಣೆ. ನೀಲಗಂಗವ್ವ ಅರವತ್ತು ದಾಟಿದ ಗಟ್ಟಿ ಹೆಂಗಸು, ಹಣೆಯ ಮೇಲೆ ಅಗಲವಾದ ವಿಭೂತಿ, ಮೊಣಕೈವರೆಗೆ ಜೋಳದ ಹಿಟ್ಟು. ನನ್ನ ಪೆಟ್ಟಿಗೆ, ಲೋಟಗಳು, ಫಾರಮ್ಮಿನ ಕಟ್ಟು ಎಲ್ಲ ನೋಡಿ, ನಾನು ಬಂದ ಕೆಲಸ ಕೇಳಿ ತಿಳಿದುಕೊಂಡಳು. ಆಮೇಲೆ, "ಅಕ್ಕಾರ, ನಿಮ್ಮ ಈ ಪರೀಕ್ಷಾದಿಂದ ಕೂಸುಗಳಿಗೆ ಏನೂ ಆಗಂಗಿಲ್ಲಲ್ರಿ?" ಎಂದಳು. "ಏನೂ ಆಗಲ್ಲಮ್ಮ, ಬರೀ ನೀರು ತಾನೇ," ಎಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು. ಆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಮೊದಲ ಎರಡು ದಿನ ನಾನು ಹಸಿದುಕೊಂಡೇ ಇದ್ದೆ. ತಪ್ಪು ನನ್ನದೇ. ನಮ್ಮ ಕಡೆ ಬಡಿಸುವವರು "ಇನ್ನೂ ಸ್ವಲ್ಪ?" ಅಂದರೆ "ಬೇಡ ಬೇಡ" ಅನ್ನಬೇಕು, ಅವರು ಮತ್ತೆ ಕೇಳಬೇಕು, ನಾವು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಅವರು ಕೈ ಸರಿಸಿ ಹಾಕಬೇಕು. ಇಲ್ಲಿ ನೀಲಗಂಗವ್ವ "ರೊಟ್ಟಿ ಬೇಕೇನ್ರಿ?" ಎಂದು ಒಮ್ಮೆ ಕೇಳಿದಳು. ನಾನು ಬೇಡ ಅಂದೆ. ಅವಳು ಮುಂದಿನ ಪಂಕ್ತಿಗೆ ಹೋದಳು. ಆ ಊರಲ್ಲಿ ಯಾರೂ ಯಾವುದನ್ನೂ ಎರಡು ಸಲ ಕೇಳುತ್ತಿರಲಿಲ್ಲ. ದರ್ಜಿಯ ಹತ್ತಿರ ಕುಪ್ಪಸ ಯಾವಾಗ ಕೊಡುತ್ತೀಯ ಎಂದು ಎರಡನೇ ಸಲ ಕೇಳಿದ್ದಕ್ಕೆ ಅವನು ಬಟ್ಟೆಯನ್ನು ಮಡಚಿ ವಾಪಸ್ಸು ಕೊಟ್ಟುಬಿಟ್ಟ. ಹೊಟ್ಟೆ ಚುರುಗುಟ್ಟಿದ ಮೂರನೇ ದಿನದಿಂದ ನಾನೂ ಮೊದಲ ಸಲಕ್ಕೇ ಹೌದು ಅನ್ನುವುದನ್ನು ಕಲಿತೆ.

ಖಾನಾವಳಿಯಲ್ಲಿ ಮಧ್ಯಾಹ್ನ ನಲವತ್ತೆರಡು ಜನ ಉಣ್ಣುತ್ತಿದ್ದರು. ಮಗ್ಗದವರು, ಗಾಡಿಯವರು, ಒಂಟಿ ಮುದುಕರು. ಒಲೆಯ ಮೇಲೆ ಇರುತ್ತಿದ್ದುದು ಒಂದು ಅಗಲವಾದ ಡಬರಿ, ಅದರಲ್ಲಿ ಹೆಚ್ಚೆಂದರೆ ಹದಿನೈದು ಜನಕ್ಕೆ ಆಗುವಷ್ಟು ಬೇಳೆ ಸಾರು. ಡಬರಿಯ ಪಕ್ಕ ಒಂದು ಸ್ಟೂಲು. ಸ್ಟೂಲಿನ ಮೇಲೆ ನೀಲಗಂಗವ್ವನ ಮೊಮ್ಮಗಳು ಕಸ್ತೂರಿ, ಐದೂವರೆ ವರ್ಷ, ಮಂಗನಬಾವು ಆಗಿ ಗಲ್ಲಕ್ಕೆ ಬಟ್ಟೆ ಕಟ್ಟಿಸಿಕೊಂಡು ಕೂತಿರುತ್ತಿದ್ದಳು. ನೀಲಗಂಗವ್ವ ಡಬರಿಯಿಂದ ಸಾರನ್ನು ತೆಳ್ಳಗಿನ ಉದ್ದನೆಯ ಕ್ಯಾನಿಗೆ ಹೊಯ್ಯುತ್ತಿದ್ದಳು. "ನೋಡವ್ವಾ ಕಸ್ತೂರಿ, ಎಷ್ಟಾತು?" ಕಸ್ತೂರಿ ಕ್ಯಾನಿನ ಬಾಯಿಯವರೆಗೆ ಕಣ್ಣು ಹಾಯಿಸಿ "ಜಾಸ್ತಿ ಆತು" ಅನ್ನುತ್ತಿದ್ದಳು. ಆಗ ಅದು ಜಾಸ್ತಿ ಆಗಿರುತ್ತಿತ್ತು. ನಲವತ್ತೆರಡು ಗಂಗಾಳಕ್ಕೆ ಎರಡೆರಡು ಸೌಟು ಬಡಿಸಿದ ಮೇಲೂ ಅಡಿಯಲ್ಲಿ ಒಂದಿಷ್ಟು ಉಳಿಯುತ್ತಿತ್ತು. ರೊಟ್ಟಿಯದೂ ಅಷ್ಟೇ. ನಿಂಬೆಗಾತ್ರದ ಹಿಟ್ಟನ್ನು ಕಸ್ತೂರಿಯ ಎದುರಿಗೆ ತಟ್ಟಿ ಅಗಲ ಮಾಡಿದರೆ ಅದು ಅಗಲ ಆದಷ್ಟೂ ಹಿಟ್ಟು ಹೆಚ್ಚಾಗುತ್ತಿತ್ತು. ನಮ್ಮಮ್ಮ ಮಕ್ಕಳ ಕಣ್ಣು ಬಿದ್ದೀತೆಂದು ತಟ್ಟೆಗೆ ಸೆರಗು ಮುಚ್ಚಿಕೊಂಡು ಉಣ್ಣುವವಳು. ಇಲ್ಲಿ ಕಣ್ಣು ಬೀಳಲಿ ಎಂದು ಮಗುವನ್ನು ಎತ್ತಿ ಕೂರಿಸುತ್ತಿದ್ದರು.

ಊರೆಲ್ಲ ಹೀಗೇ ನಡೆಯುತ್ತಿತ್ತು. ಹಾಲಿನವಳು ಸೊಂಟದ ಮೇಲೆ ಕೂಸಿಲ್ಲದೆ ಬೀದಿಗೆ ಇಳಿಯುತ್ತಿರಲಿಲ್ಲ. ಲಗ್ನಪತ್ರಿಕೆಯ ಕೆಳಗೆ "ಆರು ವರ್ಷದೊಳಗಿನ ಮಕ್ಕಳನ್ನು ತಪ್ಪದೆ ಕರೆತರಬೇಕು" ಎಂದು ದಪ್ಪಕ್ಷರದಲ್ಲಿ ಇರುತ್ತಿತ್ತು. ಶಾಲೆಯ ಗಣಿತ ಪುಸ್ತಕದಲ್ಲಿ ಲೀಟರಿನ ಪಾಠದ ಹಾಳೆಗಳನ್ನು ಅಂಟು ಹಾಕಿ ಮೆತ್ತಿದ್ದರು, ನಾಲ್ಕನೇ ಇಯತ್ತೆಗೆ ಬಂದ ಮೇಲೆ ಹಬೆ ಹಿಡಿದು ಬಿಡಿಸುತ್ತಿದ್ದರು. ಎಷ್ಟೇ ಜೋಪಾನ ಮಾಡಿದರೂ ಒಂದು ದಿನ ಪ್ರತಿ ಮಗುವಿಗೂ ತಿಳಿವಳಿಕೆ ಬರುತ್ತಿತ್ತು. ಆ ದಿನ ಆ ಮನೆಯ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ನೆರೆಯವರು ಸಕ್ಕರೆ ಪೊಟ್ಟಣ ಹಿಡಿದುಕೊಂಡು ಬಂದು ಮೆತ್ತಗಿನ ದನಿಯಲ್ಲಿ "ಎಷ್ಟರಾಗ ಬಂತ್ರಿ?" ಎಂದು ವಿಚಾರಿಸುತ್ತಿದ್ದರು. ಏಳು ತುಂಬಿ ಬಂದಿದ್ದರೆ ಎಲ್ಲ ಸಮಾಧಾನ ಪಟ್ಟುಕೊಳ್ಳುತ್ತಿದ್ದರು.

ನಾನು ಇದನ್ನೆಲ್ಲ ನೋಡಿಯೂ ನೋಡದವಳ ಹಾಗೆ ಇದ್ದೆ. ನನ್ನ ಫಾರಮ್ಮಿನಲ್ಲಿ ಇದಕ್ಕೆ ಜಾಗವಿರಲಿಲ್ಲ. ಊರಲ್ಲಿ ಮಾತು ಬಂದು ಇನ್ನೂ ತಿಳಿವಳಿಕೆ ಬಾರದ ಮಕ್ಕಳು ಇದ್ದದ್ದೇ ಮೂವತ್ತು. ಶಾಲೆಯ ಹಿಂದಿನ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಮೊದಲ ವಾರ ಇಪ್ಪತ್ತೊಂಬತ್ತು ಮಕ್ಕಳನ್ನು ಮುಗಿಸಿದೆ. ಬಾವು ಇಳಿಯಲಿ ಎಂದು ಕಸ್ತೂರಿಯನ್ನು ಕೊನೆಗೆ ಬಿಟ್ಟಿದ್ದೆ. ಇಪ್ಪತ್ತೊಂಬತ್ತೂ ಮಕ್ಕಳು ಉದ್ದ ಲೋಟದಲ್ಲಿ ಜಾಸ್ತಿ ಇದೆ ಅಂದವು. ಕುತೂಹಲ ತಡೆಯಲಾರದೆ ಆ ನೀರನ್ನು ಅಳತೆಯ ಜಾಡಿಗೆ ಸುರಿದು ನೋಡಿದರೆ ಇನ್ನೂರು ಮಿಲಿಲೀಟರು ಇನ್ನೂರ ಅರವತ್ತಾಗಿತ್ತು. ಇಪ್ಪತ್ತೊಂಬತ್ತು ಸಲವೂ ಹಾಗೇ. ಇಂದೂಧರ ಸರ್‌ಗೆ ಕಾಗದ ಬರೆದೆ. ಅವರ ಕಾರ್ಡು ಬಂತು: "ಜಾಡಿ ಕೆಟ್ಟಿದೆ. ಬೇರೆ ಜಾಡಿ ಪಾರ್ಸೆಲ್ ಮಾಡಿದ್ದೇನೆ. ನೀರು ಹೆಚ್ಚಾಗುವುದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ." ಹೊಸ ಜಾಡಿಯೂ ಇನ್ನೂರ ಅರವತ್ತೇ ಹೇಳಿತು. ನಿಜವಾಗಿ ಜಾಸ್ತಿ ಆದದ್ದನ್ನು ಜಾಸ್ತಿ ಆಗಿದೆ ಎಂದು ಸರಿಯಾಗಿ ಹೇಳಿದ ಇಪ್ಪತ್ತೊಂಬತ್ತು ಮಕ್ಕಳಿಗೆ ನಾನು ಅಚ್ಚುಕಟ್ಟಾಗಿ ಇಪ್ಪತ್ತೊಂಬತ್ತು ಸೊನ್ನೆ ಸುತ್ತಿದೆ.

ಎರಡನೇ ವಾರ ಮಕ್ಕಳು ತಡವರಿಸಿದವು. ನಾನು "ಈಗ ಎರಡೂ ಒಂದೇನಾ?" ಎಂದು ಎರಡನೇ ಸಲ ಕೇಳಿದ ಕೂಡಲೇ ನನ್ನ ಮುಖ ನೋಡುತ್ತಿದ್ದವು. ಒಮ್ಮೆ ಹೇಳಿದ್ದನ್ನು ಈ ಅಕ್ಕಾರು ಮತ್ತೆ ಯಾಕೆ ಕೇಳುತ್ತಿದ್ದಾರೆ, ಮೊದಲು ಹೇಳಿದ್ದು ತಪ್ಪಾಗಿರಬೇಕು ಎಂದು ಆ ಸಣ್ಣ ತಲೆಗಳಲ್ಲಿ ಓಡುವುದು ಎದುರು ಕೂತವರಿಗೆ ಕಾಣುತ್ತಿತ್ತು. ಮೂರನೇ ವಾರ ಒಂದಾದ ಮೇಲೆ ಒಂದು "ಎರಡೂ ಒಂದ ಐತ್ರಿ" ಅನ್ನತೊಡಗಿದವು. ಜಾಡಿ ಇನ್ನೂರು ತೋರಿಸಿತು. ನನ್ನ ಸಂತೋಷ ಹೇಳತೀರದು. ಇಂದೂಧರ ಸರ್ ಕಾರ್ಡಿನ ಅಂಚಿನಲ್ಲೆಲ್ಲ ಬರೆದಿದ್ದರು: "ಮೂರೇ ವಾರದಲ್ಲಿ ಸೊನ್ನೆಯಿಂದ ಎರಡಕ್ಕೆ! ಇಂಥದ್ದನ್ನು ನಾನು ಓದಿಯೂ ಇಲ್ಲ. ಮೂವತ್ತನೆಯದನ್ನೂ ಬೇಗ ಮುಗಿಸಿಬಿಡು."

ಎಲ್ಲರಿಗಿಂತ ಮೊದಲು ಎರಡು ಅಂಕ ಪಡೆದವನು ಮಗ್ಗದ ಓಣಿಯ ಶಾಂತವೀರವ್ವನ ಮಗ ವೀರೇಶ. ನಾನು ಕಾಲು ಕಿಲೋ ಪೇಡೆ ಕಟ್ಟಿಸಿಕೊಂಡು ಅಭಿನಂದನೆ ಹೇಳಲು ಹೋದೆ. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಚಾಪೆಯ ಮೇಲೆ ಏಳೆಂಟು ಹೆಂಗಸರು ಸಕ್ಕರೆ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ವೀರೇಶ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿದ್ದ. ಶಾಂತವೀರವ್ವ ನನ್ನ ಕೈಯಲ್ಲಿನ ಪೇಡೆಯನ್ನೂ ಸಕ್ಕರೆಯ ಸಾಲಿಗೇ ಸೇರಿಸಿಕೊಂಡು, "ಕೂಡ್ರಿ ಅಕ್ಕಾರ. ಬಾಳ ಛಲೋ ಮಾಡಿದ್ರಿ ಬಂದದ್ದು," ಎಂದಳು. ಮನೆಯಲ್ಲಿ ಆರು ಜನ. ಹಾಲು ನಿನ್ನೆಯಿಂದ ತಂದಷ್ಟೇ ಇದೆ, ಕಾಸಿದರೆ ಕಡಿಮೆ ಬೇರೆ ಆಗುತ್ತದೆ ಎಂದಳು. ಆಮೇಲೆ, "ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಪರೀಕ್ಷಾದಾಗ ಕೂಸಿಗೆ ಎಷ್ಟು ಸಲ ಕೇಳಿದ್ರಿ?" ಎಂದಳು.

"ವಾರಕ್ಕೆ ಎರಡು ಸಲ. ಮೂರು ವಾರ," ಎಂದೆ. ಚಾಪೆಯ ಮೇಲಿದ್ದ ಹೆಂಗಸರಲ್ಲಿ ಒಬ್ಬಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಶಾಂತವೀರವ್ವ ಬೆರಳು ಮಡಚಿ ಎಣಿಸಿ, "ಆರು ಸಲ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೈಕಾಲು ಮುರಿದುಕೊಂಡವರನ್ನು ಎಲ್ಲಿ ಬಿದ್ದಿರಿ ಎಂದು ಕೇಳಿ ತಿಳಿದುಕೊಂಡವಳಂತೆ ಇದ್ದಳು. "ಪರೀಕ್ಷಾ ಅಂದ್ರ ಒಮ್ಮಿ ಕೇಳೋದು ಅಂತ ತಿಳಕೊಂಡಿದ್ವಿ ನಾವು. ತಿರುಗಿ ತಿರುಗಿ ಕೇಳಿದ್ರ ದೊಡ್ಡವರಿಗೂ ತಾವು ಹೇಳಿದ್ದು ಖರೇ ಅನಸಂಗಿಲ್ರಿ, ಇನ್ನ ಕೂಸು ಏನು ಮಾಡೀತು?" ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಊರಲ್ಲಿ ಯಾಕೆ ಯಾರೂ ಎರಡು ಸಲ ಕೇಳುವುದಿಲ್ಲ ಎನ್ನುವುದು ಮೂರು ವಾರ ಅವರ ಅನ್ನ ಉಂಡ ನನಗೆ, ಚಿನ್ನದ ಪದಕದ ನನಗೆ, ಆಗ ತಿಳಿಯಿತು.

ಒಂದೊಂದೇ ಬಾಗಿಲು ಅರ್ಧ ಮುಚ್ಚುತ್ತ ಬಂತು. ಅಂಗಡಿಯಲ್ಲಿ ಸಕ್ಕರೆ ಮುಗಿದು, ಕೊನೆಗೆ ಬೆಲ್ಲ ಹಿಡಿದುಕೊಂಡು ಹೋಗತೊಡಗಿದರು. ಇಪ್ಪತ್ತೊಂಬತ್ತು ಮನೆಗಳಲ್ಲಿ ಜಾಸ್ತಿ ಕಾಣುವ ಕಣ್ಣುಗಳು ತೀರಿದವು. ಇನ್ನೂ ಮಾತು ಬಾರದ ಎಳೆಗೂಸುಗಳನ್ನು ಡಬರಿಯ ಮುಂದೆ ಕೂರಿಸಿ ನೋಡಿದರು, ಅವು ಡಬರಿಗೇ ಕೈ ಹಾಕಿದವು. ಮಾತನಾಡುವ, ತಿಳಿವಳಿಕೆ ಬಾರದ ಮಗು ಊರಲ್ಲಿ ಉಳಿದದ್ದು ಕಸ್ತೂರಿ ಒಬ್ಬಳೇ. ಮಧ್ಯಾಹ್ನದ ಹೊತ್ತಿಗೆ ಜನ ಸಂಸಾರ ಸಮೇತ ಖಾನಾವಳಿಗೆ ಬರತೊಡಗಿದರು. ನಲವತ್ತೆರಡು ಇದ್ದದ್ದು ಎಂಬತ್ತಾಯಿತು, ನೂರರ ಹತ್ತಿರ ಬಂತು. ಡಬರಿ ಅದೇ, ಬೇಳೆ ಅಷ್ಟೇ. ಕಸ್ತೂರಿ ಬಾವು ಇಳಿದ ಮೇಲೂ ಬಿಚ್ಚದ ಬಟ್ಟೆಯನ್ನು ಗಲ್ಲದಿಂದ ಮೇಲಕ್ಕೆ ಎಳೆದುಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ಸ್ಟೂಲಿನಿಂದ ಇಳಿಯುತ್ತಿರಲಿಲ್ಲ. "ಜಾಸ್ತಿ ಆತು, ಜಾಸ್ತಿ ಆತು" ಎಂದು ಹೇಳಿ ಹೇಳಿ ಅವಳ ದನಿ ಒಡೆದಿತ್ತು.

ನಾನು ನೀಲಗಂಗವ್ವನ ಎದುರು ಹೋಗಿ ನಿಂತೆ. ಎಲ್ಲ ಹೇಳಿದೆ, ಅತ್ತೂಬಿಟ್ಟೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ನನಗ ಎರಡನೇ ವಾರನ ತಿಳೀತ್ರಿ," ಎಂದಳು. ಮತ್ತೆ ನನಗೇಕೆ ಹೇಳಲಿಲ್ಲ ಎಂದೆ. "ಬಂದ ದಿನನ ಕೇಳಿದ್ನಲ್ರಿ, ಕೂಸುಗಳಿಗೆ ಏನೂ ಆಗಂಗಿಲ್ಲಲ್ಲ ಅಂತ. ನೀವು ಇಲ್ಲ ಅಂದ್ರಿ. ಮತ್ತ ಹೆಂಗ ಕೇಳ್ಲಿ?" ಕಸ್ತೂರಿಯನ್ನು ಮುಟ್ಟುವುದಿಲ್ಲ ಎಂದು ಅವಳ ಹಿಟ್ಟಿನ ಕೈ ಮುಟ್ಟಿ ಹೇಳಿದೆ. ಅದೇ ದಿನ ಇಂದೂಧರ ಸರ್‌ಗೂ ಬರೆದೆ: ಇಪ್ಪತ್ತೊಂಬತ್ತಕ್ಕೇ ನಿಲ್ಲಿಸುತ್ತೇನೆ, ಮೂವತ್ತನೇ ಮಗುವಿಗೆ ತಿಳಿವಳಿಕೆ ಬಂದರೆ ಊರು ಉಪವಾಸ ಬೀಳುತ್ತದೆ.

ಮೂರನೇ ದಿನಕ್ಕೆ ಉತ್ತರ ಬಂತು. "ಮೂವತ್ತು ಅಂದರೆ ಮೂವತ್ತು. ಇಪ್ಪತ್ತೊಂಬತ್ತಕ್ಕೆ ಕಮಿಟಿ ಒಪ್ಪುವುದಿಲ್ಲ, ನಿನ್ನ ನೋಂದಣಿ ಬಿದ್ದುಹೋಗುತ್ತದೆ. ಮಗುವಿನ ಮೇಲೆ ಮಮತೆ ಬೆಳೆಸಿಕೊಂಡಿದ್ದೀಯ, ಮೊದಲನೇ ವರ್ಷದಲ್ಲಿ ಇದು ಸಹಜ. ಗುರುವಾರ ನಾನೇ ಬಂದು ಮಾಡುತ್ತೇನೆ. ಒಂದೇ ಸಿಟ್ಟಿಂಗಿನಲ್ಲಿ ಮೂರೂ ಆವರ್ತನ ಮುಗಿಸಿದರಾಯಿತು." ಕಸ್ತೂರಿಯನ್ನು ಗುರುವಾರ ಒಂದು ದಿನ ಯಾರ ಮನೆಗಾದರೂ ಕಳಿಸಿ ಎಂದು ನೀಲಗಂಗವ್ವನಿಗೆ ಹೇಳಿದೆ. "ಆ ಹೊತ್ತಿನ ಊಟ?" ಎಂದು ಕೇಳಿದಳು. ಒಂದೇ ಸಲ.

ಗುರುವಾರ ಮಧ್ಯಾಹ್ನ ಹನ್ನೆರಡೂವರೆ ಬಸ್ಸಿಗೆ ಇಂದೂಧರ ಸರ್ ಇಳಿದರು. ಇಸ್ತ್ರಿ ಮಾಡಿದ ತುಂಬುತೋಳಿನ ಷರಟು, ಕಂಕುಳಲ್ಲಿ ಇನ್ನೂ ಒಂದು ಹೊಸ ಅಳತೆಯ ಜಾಡಿ. ಒಳ್ಳೆಯ ಮನುಷ್ಯರು, ವಿದ್ಯಾರ್ಥಿಗಳಿಗೆ ಜ್ವರ ಬಂದರೆ ತಾವೇ ಗಂಜಿ ಕಳಿಸುವವರು. ಕೆಲಸದ ವಿಷಯಕ್ಕೆ ಬಂದರೆ ಮಾತ್ರ ಗಂಜಿಯನ್ನೂ ಅಳೆಯುವವರು. ಖಾನಾವಳಿಯ ಪಡಸಾಲೆಯಲ್ಲಿ ನಾಲ್ಕು ಪಂಕ್ತಿ ಜನ ಖಾಲಿ ಗಂಗಾಳ ಮುಂದಿಟ್ಟುಕೊಂಡು ಕೂತಿದ್ದರು. ನೀಲಗಂಗವ್ವ ಸರ್ ಎದುರಿಗೆ ಬಂದು, "ಉಣ್ತೀರೇನ್ರಿ?" ಎಂದಳು. "ಬೇಡ ಬೇಡ," ಅಂದರು ಸರ್, ನಮ್ಮ ಕಡೆಯ ಮರ್ಯಾದೆಯಲ್ಲಿ. ಅವಳು ಸರಿ ಎಂದು ಒಲೆಯ ಕಡೆ ತಿರುಗಿದಳು. ಅವಳು ಇನ್ನೊಮ್ಮೆ ಕೇಳಬಹುದೆಂದು ಸರ್ ಅವಳ ಬೆನ್ನು ನೋಡುತ್ತ ನಿಂತರು.

"ನೀರಿನ ಪ್ರಯೋಗ ಬೇರೆ ಯಾಕೆ, ಇಲ್ಲಿ ಹೇಗೂ ಸುರಿಯುತ್ತಲೇ ಇದ್ದಾರಲ್ಲ," ಎಂದರು ಆಮೇಲೆ. ಸ್ಟೂಲಿನ ಎದುರು ಮಣೆ ಹಾಕಿಕೊಂಡು ಕೂತು, ಎರಡು ಬೋಗುಣಿಗೆ ಸಮನಾಗಿ ಸಾರು ಅಳೆದು ಹಾಕಿಸಿದರು. ನಾನು ಫಾರಮ್ಮು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಎರಡೂ ಒಂದೇನಾ ಎಂದು ಕೇಳಿದರು. ಕಸ್ತೂರಿ ಹೌದ್ರಿ ಎಂದಳು. ಒಂದು ಬೋಗುಣಿಯ ಸಾರನ್ನು ಉದ್ದನೆಯ ಕ್ಯಾನಿಗೆ ಹೊಯ್ಯಿಸಿ, "ಈಗ?" ಎಂದರು.

"ಕ್ಯಾನಿನ್ಯಾಗ ಜಾಸ್ತಿ ಆತ್ರಿ," ಎಂದಳು ಕಸ್ತೂರಿ. ಸರ್ ನನ್ನ ಕಡೆ ನೋಡಿ ನಸುನಕ್ಕರು. ಮತ್ತೆ ಕೇಳಿದರು. ಮತ್ತೂ ಕೇಳಿದರು. ಶಾಂತವೀರವ್ವ ಮಗನನ್ನು ತೊಡೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ನೀಲಗಂಗವ್ವನ ಕೈಯಲ್ಲಿ ಸೌಟು ಹಾಗೇ ಇತ್ತು. ನಾನು ಫಾರಮ್ಮಿನ ಖಾಲಿ ಚೌಕವನ್ನೇ ನೋಡುತ್ತ ನಿಂತೆ.

"ಪುಟ್ಟೀ, ಅವಸರ ಇಲ್ಲ. ಚೆನ್ನಾಗಿ ನೋಡಿ ಹೇಳು," ಎಂದರು ಸರ್. "ಬೋಗುಣಿಯಲ್ಲಿದ್ದ ಸಾರೇ ತಾನೇ ಇದು?"

"ಹೌದ್ರಿ, ಅದ."

"ನಾವೇನಾದರೂ ಇದಕ್ಕೆ ಸೇರಿಸಿದೆವಾ?"

"ಇಲ್ರಿ."

"ಮತ್ತೆ ಎತ್ತರ ಯಾಕೆ ಕಾಣ್ತಿದೆ?"

"ಕ್ಯಾನು ಸಣ್ಣಂದೈತಲ್ರಿ, ಅದಕ್ಕ ಮ್ಯಾಲೇರೇತಿ. ಬೋಗುಣಿ ಅಗಲ, ಅದರಾಗ ತೆಳಗ ಕುಂತಿತ್ತು. ತಿರುಗಿ ಬೋಗುಣಿಗೆ ಹೊಯ್ದ್ರ ಮೊದಲಿನಷ್ಟ ಆಕ್ಕೈತಿ."

ನನ್ನ ಪೆನ್ನು ಕೆಳಗೆ ಬಿತ್ತು. ಪಠ್ಯಪುಸ್ತಕದಲ್ಲಿ ಎರಡು ಅಂಕದ ಮಾದರಿ ಉತ್ತರ ಎಂದು ಕೊಟ್ಟಿರುವುದು ಇದಕ್ಕಿಂತ ಗೊಂದಲವಾಗಿದೆ. ಅವಳಿಗೆ ಎಲ್ಲ ಗೊತ್ತಿತ್ತು. ಎಷ್ಟು ದಿನದಿಂದ ಗೊತ್ತಿತ್ತೋ ಆ ಸ್ಟೂಲಿಗೇ ಗೊತ್ತು. ಹಾಗಾದರೆ ಇಷ್ಟು ದಿನ ನಾವೆಲ್ಲ ಉಂಡ ಸಾರು ಎಲ್ಲಿಂದ ಬಂತು ಎಂದು ನಾನು ಕ್ಯಾನನ್ನು ನೋಡಿದೆ. ಸಾರು ಕ್ಯಾನಿನ ಬಾಯಿಯವರೆಗೂ ಇತ್ತು.

"ಭೇಷ್," ಎಂದರು ಸರ್. ಮುಖ ಅರಳಿತ್ತು. "ಹಾಗಾದರೆ ಎರಡರಲ್ಲೂ ಒಂದೇ ಇದೆ ಅಂತಾಯ್ತು."

"ಅಲ್ರಿ. ಕ್ಯಾನಿನ್ಯಾಗ ಜಾಸ್ತಿ ಐತಿ."

"ಯಾಕೆ?"

ಕಸ್ತೂರಿ ಸರ್ ಕಡೆ ನೋಡಲಿಲ್ಲ. ಸ್ಟೂಲಿನ ಮೇಲಿನಿಂದ ನಾಲ್ಕು ಪಂಕ್ತಿಯನ್ನೂ ಈ ತುದಿಯಿಂದ ಆ ತುದಿಗೆ ನೋಡಿದಳು. "ಅವರಿನ್ನಾ ಉಂಡಿಲ್ಲಲ್ರಿ," ಎಂದಳು.

ನೀಲಗಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಬಡಿಸಲು ಶುರುಮಾಡಿದಳು. ಮೊದಲ ಪಂಕ್ತಿ ಮುಗಿಯಿತು, ಎರಡನೆಯದಕ್ಕೂ ಆಯಿತು, ನಾಲ್ಕನೆಯದರ ಕೊನೆಯ ಮುದುಕನಿಗೂ ಎರಡು ಸೌಟು ಬಿತ್ತು. ಶಾಂತವೀರವ್ವನ ತೊಡೆಯ ಮೇಲಿದ್ದ ವೀರೇಶ ಅಷ್ಟು ಹೊತ್ತೂ ಕಸ್ತೂರಿಯನ್ನೇ ನೋಡುತ್ತಿದ್ದವನು ತನ್ನ ಮುಂದಿನ ಮಜ್ಜಿಗೆ ಲೋಟವನ್ನು ಎತ್ತಿ ಹಿಡಿದು, "ಯವ್ವಾ, ಇದೂ ಜಾಸ್ತಿ ಆತ ನೋಡು," ಎಂದ. ಮಜ್ಜಿಗೆ ಅಂಚು ದಾಟಿ ಅವಳ ಸೀರೆಯ ಮೇಲೆ ಚೆಲ್ಲಿತು. ಅವಳು ಅದನ್ನು ಕೊಡವಿಕೊಳ್ಳಲೂ ಇಲ್ಲ, ಮಗನ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟಳು.

ಇಂದೂಧರ ಸರ್ ಮಾತ್ರ ಫಾರಮ್ಮು ಹಿಡಿದುಕೊಂಡು ಗೋಡೆಯ ಪಕ್ಕ ಒದ್ದಾಡುತ್ತಿದ್ದರು. "ವಿವರಣೆ ಪೂರ್ತಿ ಸರಿ, ಅಂದರೆ ಎರಡು. ತೀರ್ಮಾನ ತಪ್ಪು, ಅಂದರೆ ಸೊನ್ನೆ. ಎರಡನ್ನೂ ಕೂಡಿ ಭಾಗಿಸಿದರೆ ಒಂದು. ಆದರೆ ತಿಳಿವಳಿಕೆ ಬರ್ತಾ ಇಲ್ವಲ್ಲ, ಬಂದು ಕೂತಿದೆ!" ಎರಡು ಬರೆದು ರಬ್ಬರಿನಿಂದ ಅಳಿಸಿದರು, ಸೊನ್ನೆ ಬರೆದು ಅಳಿಸಿದರು. ಚೌಕದಲ್ಲಿ ಕಾಗದ ತೆಳ್ಳಗಾಗಿ ಆಚೆಯ ಬೆಳಕು ಕಂಡಿತು. "ಕುಮುದಿನಿ, ಈ ಚೌಕ ತುಂಬದೆ ನಾನು ಸಹಿ ಹಾಕುವ ಹಾಗಿಲ್ಲ. ಏನು ಬರೆಯಲಿ ಹೇಳು," ಎಂದರು. ಗೊತ್ತಿಲ್ಲ ಸರ್ ಅಂದೆ. ಹಾಗೆ ಹೇಳಿದ್ದರಿಂದ ನನ್ನ ಎಂಟು ತಿಂಗಳು ಹೋಯಿತು ಎಂದು ಗೊತ್ತಿದ್ದರೂ ಹೊಟ್ಟೆಯೊಳಗೆ ಎಲ್ಲೋ ಹಗುರವಾಗಿತ್ತು. ಅವರು ಜಾಡಿಯನ್ನು ಕಂಕುಳಿಗೆ ಸೇರಿಸಿಕೊಂಡು ಎರಡು ಗಂಟೆಯ ಬಸ್ಸಿಗೆ ಹೊರಟುಹೋದರು.

ಮೂರು ಗಂಟೆಗೆ ವಾಪಸ್ಸು ಬಂದರು. ಬಸ್ಸು ತಪ್ಪಿತ್ತು, ಇನ್ನೊಂದು ಐದೂವರೆಗೆ. ಬಿಸಿಲಿಗೆ ಮುಖ ಬಾಡಿತ್ತು, ಷರಟಿನ ಇಸ್ತ್ರಿ ಹೋಗಿತ್ತು. ಪಡಸಾಲೆ ಖಾಲಿಯಾಗಿತ್ತು, ಗಂಗಾಳಗಳನ್ನು ತೊಳೆದು ಕವುಚಿ ಹಾಕಿತ್ತು. ಕಸ್ತೂರಿ ಸ್ಟೂಲಿನ ಪಕ್ಕದಲ್ಲೇ ಗೋಣಿತಾಟಿನ ಮೇಲೆ ನಿದ್ದೆ ಹೋಗಿದ್ದಳು. ಸರ್ ಗೋಡೆಗೆ ಒರಗಿ ಕೂತರು. ನೀಲಗಂಗವ್ವ ಅವರನ್ನು ನೋಡಿದಳು, ಆದರೆ ಅವಳು ಆಗಲೇ ಒಮ್ಮೆ ಕೇಳಿದ್ದಳಲ್ಲ. ಕೊನೆಗೆ ಸರ್ ನೆಲ ನೋಡುತ್ತ, "ಊಟಕ್ಕೆ ಏನಾದರೂ ಉಳಿದಿದೆಯಾ ತಾಯಿ?" ಎಂದರು. ಬೆಳಿಗ್ಗೆ ಆರಕ್ಕೆ ಕಾಫಿ ಕುಡಿದು ಹೊರಟವರು.

ನೀಲಗಂಗವ್ವ ಒಂದು ಗಂಗಾಳ ತಂದು ಅವರ ಮುಂದಿಟ್ಟು ಎರಡು ರೊಟ್ಟಿ ಹಾಕಿದಳು. ಡಬರಿಯನ್ನು ಬಗ್ಗಿಸಿದಳು. ಅಡಿಯಲ್ಲಿ ಒಂದು ಸೌಟಿಗೂ ಸಾಲದಷ್ಟು ಸಾರು ಇತ್ತು. ಅವಳು ಮಲಗಿದ್ದ ಮೊಮ್ಮಗಳ ಕಡೆ ನೋಡಿದಳು. ಆ ಹುಡುಗಿಯ ಬಾಯಿ ಅರ್ಧ ತೆರೆದಿತ್ತು, ಬೆಳಗಿನಿಂದ ಹೇಳಿ ಹೇಳಿ ದಣಿದಿತ್ತು. ಎಬ್ಬಿಸಲಿಲ್ಲ. ಡಬರಿಯ ಸಾರನ್ನು ಒಂದು ಉದ್ದ ಲೋಟಕ್ಕೆ ಬಸಿದು, ಅದನ್ನು ನನ್ನ ಮುಖದ ಎತ್ತರಕ್ಕೆ ಹಿಡಿದಳು.

"ಅಕ್ಕಾರ, ನೋಡ್ರಿ. ಎಷ್ಟಾತು?"

ಅವಳು ಎರಡನೇ ಸಲ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಂದು ಕಡೆ ಗೋಡೆಗೆ ಒರಗಿದ ನನ್ನ ಗೈಡು, ಅವರ ತೊಡೆಯ ಮೇಲೆ ಸಹಿಯಿಲ್ಲದ ಫಾರಮ್ಮು. ಇನ್ನೊಂದು ಕಡೆ ಲೋಟದ ಅಡಿಗೆ ಅಂಟಿಕೊಂಡಂತಿದ್ದ ಒಂದಿಷ್ಟು ಸಾರು. ಪಾತ್ರೆ ಬದಲಾದರೆ ಪ್ರಮಾಣ ಬದಲಾಗುವುದಿಲ್ಲ ಎಂದು ನಾನು ಎಂ.ಎ. ಪರೀಕ್ಷೆಯಲ್ಲಿ ಆರು ಪುಟ ಬರೆದಿದ್ದೆ. ಅದರಲ್ಲಿ ಒಂದು ಸಾಲೂ ಮರೆತಿರಲಿಲ್ಲ.

"ಜಾಸ್ತಿ ಆಯ್ತು," ಎಂದೆ.

ಸರ್ ತಲೆ ಎತ್ತಿದರು. "ಏನಂದೆ, ಕುಮುದಿನಿ?"

"ಜಾಸ್ತಿ ಆಯ್ತು ಸರ್."

"ಸರಿಯಾಗಿ ನೋಡಿ ಹೇಳು. ಡಬರಿಯಲ್ಲಿದ್ದ ಸಾರೇ ತಾನೇ?"

"ಅದೇ ಸರ್."

"ಮತ್ತೆ? ಯಾಕೆ ಜಾಸ್ತಿ?"

"ನೀವಿನ್ನೂ ಉಂಡಿಲ್ಲ ಸರ್," ಎಂದೆ.

ಅವರು ನನ್ನನ್ನು ನೋಡಿದರು, ಲೋಟವನ್ನು ನೋಡಿದರು. ತೊಡೆಯ ಮೇಲಿದ್ದ ಫಾರಮ್ಮನ್ನು ಮಡಚಿ, ಗಾಳಿಗೆ ಹಾರದ ಹಾಗೆ ಅಳತೆಯ ಜಾಡಿಯೊಳಗೆ ಹಾಕಿದರು. ನೀಲಗಂಗವ್ವ ಲೋಟ ಬಗ್ಗಿಸಿದಳು. ಸಾರು ರೊಟ್ಟಿಯನ್ನು ತೋಯಿಸಿ ಗಂಗಾಳದ ಅಂಚಿನವರೆಗೆ ಬಂದು ನಿಂತಿತು. ಲೋಟದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು. ಸರ್ ತಲೆ ಬಗ್ಗಿಸಿ ಹಸಿದವರು ಉಣ್ಣುವ ಹಾಗೆ ಉಂಡರು. ಗಂಗಾಳ ಬರಿದಾಯಿತು.

"ಇನ್ನ ಬೇಕೇನ್ರಿ?" ಎಂದಳು ನೀಲಗಂಗವ್ವ.

ಇಂದೂಧರ ಸರ್ ಮೊದಲ ಸಲಕ್ಕೇ "ಹಾಕಿ" ಎಂದರು.